ತೊಗರಿ ಕಟ್ಟಿಗೆ ಯಾರ ಸ್ವತ್ತು?

(ಶರಣಸಿರಸಗಿಯಲ್ಲಿ ರೈತರು ಹಾಗೂ ಕೂಲಿಕಾರರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ನಮ್ಮ ಜಿಲ್ಲೆಯ ಹೆಸರೆತ್ತಿದರೆ ಎಲ್ಲರೂ ತೊಗರಿಯ ಮಾತನ್ನೇ ತೆಗೆಯುತ್ತಾರೆ. ಕರ್ನಾಟಕದಲ್ಲಿ ಅತಿ ಹೆಚ್ಚು ತೊಗರಿ ಬೆಳೆಯುವ ಜಿಲ್ಲೆ ನಮ್ಮದು. ೨೦೧೯ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರಕಿತು. ಬೆಂಬಲ ಬೆಲೆ, ಗಂಜಿನ ತೂಕ, ಅಡತಿಯವರ ಕಡಿತ, ಇವುಗಳ ಮೇಲೆ ನಾವು ಎಷ್ಟೋ ಸಭೆಗಳನ್ನು ಮಾಡಿದ್ದೇವೆ, ಮುಂದೆಯೂ ಮಾಡುತ್ತೇವೆ. ಆದರೆ ಈ ಹೊತ್ತು ನಾವು ಹೇಳಬೇಕೆಂದಿರುವುದು ಕಾಳಿನ ವಿಷಯವಲ್ಲ. ರಾಶಿಯಾಗಿ ಕಾಳು ಚೀಲ ಸೇರಿದ ಮೇಲೆ ಕಣದಲ್ಲಿ ಉಳಿಯುವ ಕಟ್ಟಿಗೆಯ ವಿಷಯ.

ಈ ಕಟ್ಟಿಗೆಗೆ ಪಟ್ಟಣದ ವಿದ್ಯಾವಂತರು ಒಂದು ಹೆಸರಿಟ್ಟಿದ್ದಾರೆ: “ಕೃಷಿ ತ್ಯಾಜ್ಯ”. ತ್ಯಾಜ್ಯವೆಂದರೆ ಬಿಸಾಡತಕ್ಕದ್ದು. ಬಿಸಾಡಿದವರು ಯಾರೆಂದು ನಾವು ಕೇಳುತ್ತೇವೆ. ನಮ್ಮ ಹಳ್ಳಿಗಳಲ್ಲಿ ಇದೇ ಕಟ್ಟಿಗೆ ಒಲೆಗೆ ಉರುವಲು, ಹಿತ್ತಲಿಗೆ ಬೇಲಿ, ಗುಡಿಸಲಿಗೆ ತಟ್ಟಿ. ಗ್ಯಾಸಿನ ಸಿಲಿಂಡರು ಮನೆಗೆ ಬಂದಿದ್ದರೂ, ಅದು ಮುಗಿದಾಗ ತುಂಬಿಸಲು ರೊಕ್ಕವಿಲ್ಲದ ಬಡವಿ ಮತ್ತೆ ಈ ಕಟ್ಟಿಗೆಯ ಹೊರೆಯ ಕಡೆಗೇ ನೋಡುತ್ತಾಳೆ. ಹೊಲವಿದ್ದವರಿಗೆ ಕೂಲಿಯಾಳು ಸಿಗದೆ ಕೆಲವೆಡೆ ಹೊಲದಲ್ಲೇ ಬೆಂಕಿ ಹಚ್ಚುವುದೂ ಉಂಟು. ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಒಂದು ವಸ್ತುವಿಗೆ ಕಸವೆಂದು ಹೆಸರಿಟ್ಟ ಗಳಿಗೆಯಲ್ಲಿಯೇ ಅದರ ಬೆಲೆ ಸೊನ್ನೆಯೆಂದು ತೀರ್ಮಾನವಾಗುತ್ತದೆ. ಹೆಸರಿಟ್ಟವನೇ ನಾಳೆ ಕೊಳ್ಳಲು ಬಂದರೆ ಲಾಭ ಯಾರದೆಂದು ನೀವೇ ಯೋಚಿಸಿರಿ.

ಕೊಳ್ಳಲು ಬರುವ ಕಾಲ ದೂರವಿಲ್ಲ. ಹೊಟ್ಟು ಕಟ್ಟಿಗೆಗಳನ್ನು ಯಂತ್ರದಲ್ಲಿ ಒತ್ತಿ, ಅಚ್ಚಿನ ಉರುವಲು ಮಾಡಿ ಕಾರ್ಖಾನೆಗಳ ಬಾಯ್ಲರುಗಳಿಗೆ ಮಾರುವ ವ್ಯಾಪಾರ ದೇಶದಲ್ಲಿ ಆಗಲೇ ಬೆಳೆದಿದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಗಿಡಗಂಟಿಗಳ ಒಣ ಭಾಗದಿಂದ ಮೋಟಾರಿನ ಇಂಧನ, ಬಣ್ಣ, ಅಂಟು, ಪ್ಲಾಸ್ಟಿಕ್ಕುಗಳನ್ನು ಮಾಡುವ ವಿದ್ಯೆಯನ್ನು ವಿಜ್ಞಾನಿಗಳು ಸಾಧಿಸಿದ್ದಾರೆ. ಆ ವಿದ್ಯೆ ಏನು, ಅದರಿಂದ ನಮಗೆ ಬರುವುದೇನು, ಹೋಗುವುದೇನು ಎಂಬುದನ್ನು ದುಡಿಯುವ ಜನ ಮೊದಲೇ ತಿಳಿದಿರಬೇಕು.

ಕಟ್ಟಿಗೆಯೊಳಗೆ ಇರುವುದೇನು?

ಒಣಗಿದ ಯಾವ ಕಟ್ಟಿಗೆಯನ್ನೇ ತೆಗೆದುಕೊಳ್ಳಿರಿ, ಅದರಲ್ಲಿ ಮುಖ್ಯವಾಗಿ ಮೂರು ಪದಾರ್ಥಗಳಿವೆ. ಮೊದಲನೆಯದು ಸೆಲ್ಯುಲೋಸ್. ಇದು ತೂಕದಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು. ನಮ್ಮ ಹೊಲದ ಹತ್ತಿಯ ಅರಳೆ ಎಂದರೆ ಬಹುಮಟ್ಟಿಗೆ ಶುದ್ಧ ಸೆಲ್ಯುಲೋಸೇ. ಎರಡನೆಯದು ಹೆಮಿಸೆಲ್ಯುಲೋಸ್, ಸುಮಾರು ಕಾಲು ಪಾಲು. ಮೂರನೆಯದು ಲಿಗ್ನಿನ್, ಐದರಲ್ಲಿ ಒಂದು ಪಾಲು ಅಥವಾ ತುಸು ಹೆಚ್ಚು. ಮೊದಲಿನ ಎರಡೂ ಸಕ್ಕರೆಯ ಕಣಗಳನ್ನು ಸರಪಣಿಯಂತೆ ಜೋಡಿಸಿದ ಪದಾರ್ಥಗಳು. ಲಿಗ್ನಿನ್ ಎಂಬುದು ಗೋಡೆಯ ಕಲ್ಲುಗಳನ್ನು ಹಿಡಿದಿಡುವ ಗಾರೆಯ ಹಾಗೆ ಅವನ್ನು ಬಿಗಿದು ನಿಲ್ಲಿಸುತ್ತದೆ.

ಅಂದರೆ ತೊಗರಿ ಕಟ್ಟಿಗೆಯೊಳಗೆ ಸಕ್ಕರೆಯಿದೆ. ಆದರೆ ಅದು ಬೀಗದೊಳಗಿದೆ. ದನದ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಜೋಳದ ಕಣಿಕೆಯ ಬೀಗವನ್ನು ತೆರೆಯಬಲ್ಲವು. ಗಾರೆ ಹೆಚ್ಚಿರುವ ತೊಗರಿ ಕಟ್ಟಿಗೆಯ ಮುಂದೆ ಅವೂ ಸೋಲುತ್ತವೆ. ಆದುದರಿಂದಲೇ ಕಣಿಕೆ ಮೇವಾಯಿತು, ತೊಗರಿ ಕಟ್ಟಿಗೆ ಉರುವಲಾಯಿತು. ಈ ಬೀಗ ತೆಗೆಯುವ ಕೀಲಿಕೈಗೆ ರಸಾಯನಶಾಸ್ತ್ರದಲ್ಲಿ ವೇಗವರ್ಧಕವೆಂದು ಹೆಸರು. ಕಾರ್ಖಾನೆಯವರು ಕೆಟಲಿಸ್ಟ್ ಎನ್ನುತ್ತಾರೆ.

ವೇಗವರ್ಧಕವೆಂದರೆ, ತಾನು ಖರ್ಚಾಗದೆ ಬೇರೆ ಪದಾರ್ಥಗಳ ನಡುವಿನ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು. ೧೮೩೫ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಎಂಬ ವಿಜ್ಞಾನಿ ಈ ಕ್ರಿಯೆಗೆ ಹೆಸರಿಟ್ಟನು. ಗಂಜಿನ ದಲ್ಲಾಳಿಯನ್ನು ನೆನೆಸಿಕೊಳ್ಳಿರಿ. ಅವನು ಕೊಳ್ಳುವವನನ್ನೂ ಮಾರುವವನನ್ನೂ ಕೂಡಿಸುತ್ತಾನೆ, ವ್ಯವಹಾರ ಬೇಗ ಕುದುರಿಸುತ್ತಾನೆ. ಆದರೆ ಹೋಗುವಾಗ ತನ್ನ ಪಾಲು ಕತ್ತರಿಸಿಕೊಂಡೇ ಹೋಗುತ್ತಾನೆ. ರಸಾಯನಶಾಸ್ತ್ರದ ಈ ದಲ್ಲಾಳಿಯಾದರೋ ಒಂದು ಕಾಳನ್ನೂ ಮುಟ್ಟುವುದಿಲ್ಲ. ಒಂದು ಜೋಡಿಯನ್ನು ಕೂಡಿಸಿ ಮುಂದಿನ ಜೋಡಿಗೆ ನಡೆಯುತ್ತದೆ. ಅಂಗಡಿಯಲ್ಲಿ ಸಿಗುವ ವನಸ್ಪತಿ ನಿಮಗೆಲ್ಲ ಗೊತ್ತು. ನಿಕ್ಕಲ್ ಎಂಬ ಲೋಹದ ಪುಡಿಯ ಸನ್ನಿಧಿಯಲ್ಲಿ ಎಣ್ಣೆಗೆ ಜಲಜನಕ ಕೂಡಿಸಿದರೆ ಎಣ್ಣೆ ಗಟ್ಟಿಯಾಗುತ್ತದೆ. ಆಮೇಲೆ ನಿಕ್ಕಲನ್ನು ಸೋಸಿ ತೆಗೆಯುತ್ತಾರೆ. ಇದೇ ಬಗೆಯ ವಿದ್ಯೆಗೆ ಫ್ರಾನ್ಸಿನ ಸಬಾಟಿಯೇ ೧೯೧೨ರಲ್ಲಿ ನೊಬೆಲ್ ಬಹುಮಾನ ಪಡೆದನು.

ಹಾಗೆಂದು ವೇಗವರ್ಧಕ ಚಿರಂಜೀವಿಯಲ್ಲ. ಗಂಧಕ, ಡಾಂಬರು, ಕಟ್ಟಿಗೆಯ ಬೂದಿಯಲ್ಲಿರುವ ಪೊಟ್ಯಾಷ್, ಇವು ಅದರ ಮೈಗೆ ಅಂಟಿದರೆ ಅದು ಸತ್ತಂತೆಯೇ. ಕಲ್ಲೆಣ್ಣೆಯನ್ನು ಸಂಸ್ಕರಿಸುವುದಕ್ಕಿಂತ ಕಟ್ಟಿಗೆಯನ್ನು ಸಂಸ್ಕರಿಸುವುದು ಕಷ್ಟವಾಗಿರುವುದಕ್ಕೆ ಇದೂ ಒಂದು ಕಾರಣ.

ಭದ್ರಾವತಿಯ ಪಾಠ

ಇದು ವಿದೇಶದಿಂದ ಬಂದ ಹೊಸ ಮಾಯೆಯೆಂದು ಯಾರೂ ತಿಳಿಯಬೇಡಿರಿ. ಕಟ್ಟಿಗೆಯಿಂದ ರಾಸಾಯನಿಕ ತೆಗೆಯುವ ದೊಡ್ಡ ಕಾರ್ಖಾನೆ ನಮ್ಮ ನಾಡಿನಲ್ಲಿಯೇ ಇತ್ತು. ಮೈಸೂರು ಸರ್ಕಾರ ಭದ್ರಾವತಿಯಲ್ಲಿ ಸ್ಥಾಪಿಸಿದ ಕಬ್ಬಿಣದ ಕಾರ್ಖಾನೆ ೧೯೨೩ರಲ್ಲಿ ಉತ್ಪಾದನೆ ಆರಂಭಿಸಿತು. ಅಲ್ಲಿ ಅದಿರು ಕರಗಿಸಲು ಕಲ್ಲಿದ್ದಲಲ್ಲ, ಮಲೆನಾಡಿನ ಮರದ ಇದ್ದಿಲನ್ನು ಬಳಸುತ್ತಿದ್ದರು. ಮರವನ್ನು ಗಾಳಿಯಿಲ್ಲದ ಪಾತ್ರೆಯಲ್ಲಿ ಕಾಯಿಸಿ ಇದ್ದಿಲು ಮಾಡುವಾಗ ಏಳುವ ಹೊಗೆಯನ್ನು ತಂಪುಗೊಳಿಸಿ ಕಟ್ಟಿಗೆಯ ಮದ್ಯಸಾರ, ಸುಣ್ಣದ ಅಸಿಟೇಟು, ಡಾಂಬರುಗಳನ್ನು ತೆಗೆಯುತ್ತಿದ್ದರು. ನಾವು ಒಲೆಯಿಂದ ಸೂರಿಗೆ ಬಿಡುವ ಹೊಗೆಯಲ್ಲಿ ಒಂದು ಔಷಧದಂಗಡಿಯೇ ಇದೆಯೆಂಬುದನ್ನು ಭದ್ರಾವತಿ ತೋರಿಸಿಕೊಟ್ಟಿತು.

ಅದೇ ೧೯೨೩ರಲ್ಲಿ ಜರ್ಮನಿಯಲ್ಲಿ ಬಿಎಎಸ್‌ಎಫ್ ಎಂಬ ಕಂಪನಿ, ಸತು ಮತ್ತು ಕ್ರೋಮಿಯಂಗಳ ಆಕ್ಸೈಡನ್ನು ವೇಗವರ್ಧಕವಾಗಿಟ್ಟು, ಕಲ್ಲಿದ್ದಲಿನ ಅನಿಲದಿಂದ ನೇರವಾಗಿ ಅದೇ ಮದ್ಯಸಾರವನ್ನು ಮಾಡತೊಡಗಿತು. ಅದು ಅಗ್ಗ, ಮಿತಿಯಿಲ್ಲದಷ್ಟು. ಜಗತ್ತಿನಲ್ಲೆಲ್ಲ ಮರ ಭಟ್ಟಿಯಿಳಿಸಿ ಮದ್ಯಸಾರ ಮಾಡುವ ಉದ್ಯಮ ಕುಸಿಯಿತು. ಭದ್ರಾವತಿಯಲ್ಲಿಯೂ ೧೯೫೨ರ ಹೊತ್ತಿಗೆ ವಿದ್ಯುತ್ ಕುಲುಮೆಗಳು ಬಂದವು. ನಮ್ಮ ಕೈಯಲ್ಲಿ ಮರವಿತ್ತು; ಅವರ ಕೈಯಲ್ಲಿ ಕೀಲಿಕೈಯಿತ್ತು. ಕಚ್ಚಾ ಮಾಲು ಎಷ್ಟೇ ಇದ್ದರೂ ವಿದ್ಯೆ ಅನ್ಯರ ಬಳಿ ಇದ್ದರೆ ನಾವು ಹಮಾಲರಾಗಿಯೇ ಉಳಿಯುತ್ತೇವೆ. ಇದು ಭದ್ರಾವತಿಯ ಮೊದಲ ಪಾಠ. ಇದ್ದಿಲಿಗಾಗಿ ಕಾಡು ಕಡಿದರೆ ಕಾಡು ಬಡವಾಗುತ್ತದೆ, ವರ್ಷ ವರ್ಷವೂ ಬರುವ ಬೆಳೆಯ ಕಟ್ಟಿಗೆಯನ್ನೇ ನಂಬಬೇಕು. ಇದು ಎರಡನೆಯ ಪಾಠ.

ಗಾಳಿಯಾಗಿಸುವ ದಾರಿ

ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಅಭಾವ ಬಂದಾಗ ನಮ್ಮ ನಾಡಿನ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡಿದ್ದನ್ನು ಹಿರಿಯರು ಕಥೆಯಾಗಿ ಹೇಳುತ್ತಿದ್ದರು. ಬಸ್ಸಿನ ಹಿಂದೆ ಒಂದು ಉದ್ದನೆಯ ಒಲೆ. ಅದರಲ್ಲಿ ಇದ್ದಿಲು ಅರೆಬರೆ ಉರಿದು ಹೊರಡುವ ಗಾಳಿಯೇ ಎಂಜಿನ್ನಿಗೆ ಆಹಾರ. ಆ ಗಾಳಿಯಲ್ಲಿ ಇಂಗಾಲದ ಮೊನಾಕ್ಸೈಡ್ ಮತ್ತು ಜಲಜನಕಗಳಿರುತ್ತವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ವಿದ್ಯೆಯನ್ನು ಹಳ್ಳಿಗೆ ತಂದರು. ೧೯೭೪ರಲ್ಲಿ ಎ.ಕೆ.ಎನ್. ರೆಡ್ಡಿಯವರು ಅಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ ಗ್ರಾಮೀಣ ವಿಜ್ಞಾನಕ್ಕೇ ಮೀಸಲಾಗಿತ್ತು. ೧೯೮೮ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಕಟ್ಟಿಗೆಯ ಗ್ಯಾಸಿನಿಂದ ಎಂಜಿನ್ ನಡೆಸಿ, ಕೆಲವೇ ಹತ್ತು ಮನೆಗಳ ಆ ಊರಿಗೆ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿಗಳನ್ನು ಒದಗಿಸಲಾಯಿತು. ಒಂದು ದಶಕಕ್ಕೂ ಹೆಚ್ಚು ಕಾಲ ಅದು ನಡೆಯಿತು. ಒಂದೂಕಾಲು ಕಿಲೋದಷ್ಟು ಒಣ ಕಟ್ಟಿಗೆಯಿದ್ದರೆ ಇಂಥ ಯಂತ್ರ ಒಂದು ಯೂನಿಟ್ಟಿನ ಆಸುಪಾಸು ವಿದ್ಯುತ್ತು ಕೊಡುತ್ತದೆ.

ಇದೇ ಗಾಳಿಯನ್ನು ತೊಳೆದು, ಸೋಸಿ, ಕಬ್ಬಿಣ ಅಥವಾ ಕೋಬಾಲ್ಟಿನ ವೇಗವರ್ಧಕದ ಮೇಲೆ ಹಾಯಿಸಿದರೆ ಡೀಸೆಲ್ ಆಗುತ್ತದೆ. ೧೯೨೫ರಲ್ಲಿ ಜರ್ಮನಿಯ ಫಿಷರ್ ಮತ್ತು ಟ್ರಾಪ್ಷ್ ಎಂಬಿಬ್ಬರು ಇದನ್ನು ಸಾಧಿಸಿದರು. ದಕ್ಷಿಣ ಆಫ್ರಿಕ ೧೯೫೫ರಿಂದ ಕಲ್ಲಿದ್ದಲನ್ನು ಹೀಗೆ ಎಣ್ಣೆ ಮಾಡುತ್ತ ಬಂದಿದೆ. ಕಟ್ಟಿಗೆಯಿಂದಲೂ ಇದು ಸಾಧ್ಯ. ಆದರೆ ಯಂತ್ರ ದೊಡ್ಡದು, ಬಂಡವಾಳ ದೊಡ್ಡದು. ೨೦೨೨ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಕಟ್ಟಿಗೆಗೆ ಆಮ್ಲಜನಕ ಮತ್ತು ಉಗಿಯನ್ನು ಕೊಟ್ಟು, ಒಂದು ಕಿಲೋ ಕಟ್ಟಿಗೆಯಿಂದ ೧೦೦ ಗ್ರಾಂ ಜಲಜನಕ ತೆಗೆದುದನ್ನು ಪ್ರಕಟಿಸಿದರು. ಒಂದು ಕಿಲೋ ಕಟ್ಟಿಗೆಯಲ್ಲಿ ಇರುವ ಜಲಜನಕವೇ ಸುಮಾರು ೬೦ ಗ್ರಾಂ. ಉಳಿದದ್ದು ಉಗಿಯ ನೀರಿನಿಂದ ಬಂದದ್ದು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಈ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಸೋರಿದರೆ ನಿಂತ ಮನುಷ್ಯ ನಿಂತಲ್ಲೇ ಬೀಳುತ್ತಾನೆ. ಇಂಥ ಯಂತ್ರದ ಬಳಿ ಗುತ್ತಿಗೆಯ ಕೂಲಿಯನ್ನು ಕಲಿಸದೆ, ಕಾಯದೆ ನಿಲ್ಲಿಸುವವನು ಕೊಲೆಗಾರನಿಗೆ ಸಮಾನ.

ಸಕ್ಕರೆ ಬಿಡಿಸುವ ದಾರಿ

ಇನ್ನೊಂದು ದಾರಿ ಕಟ್ಟಿಗೆಯನ್ನು ಗಾಳಿ ಮಾಡದೆ, ಬೀಗ ತೆಗೆದು ಸಕ್ಕರೆಯನ್ನು ಬಿಡಿಸಿಕೊಳ್ಳುವುದು. ನೀರು ಬೆರೆಸಿದ ಗಂಧಕಾಮ್ಲವೇ ಇಲ್ಲಿ ವೇಗವರ್ಧಕ. ಹೆಮಿಸೆಲ್ಯುಲೋಸನ್ನು ಅದರಲ್ಲಿ ಬೇಯಿಸಿದರೆ ಫರ್ಫ್ಯುರಲ್ ಎಂಬ ದ್ರವ ದೊರೆಯುತ್ತದೆ. ೧೯೨೨ರಲ್ಲಿ ಅಮೆರಿಕದ ಕ್ವೇಕರ್ ಓಟ್ಸ್ ಕಂಪನಿ ತನ್ನ ಗಿರಣಿಯಲ್ಲಿ ಗುಡ್ಡೆಬಿದ್ದಿದ್ದ ಓಟ್ಸ್ ಹೊಟ್ಟಿನಿಂದ ಇದನ್ನು ಮಾಡಿ ಮಾರತೊಡಗಿತು. ಎಣ್ಣೆ ಶುದ್ಧಿ ಮಾಡಲು, ಎರಕದ ಮನೆಗಳಲ್ಲಿ ಮರಳನ್ನು ಹಿಡಿದಿಡುವ ರಾಳಕ್ಕೆ ಅದು ಇಂದಿಗೂ ಬೇಕು. ಮೆಕ್ಕೆಜೋಳದ ದಿಂಡು, ಕಬ್ಬಿನ ಸಿಪ್ಪೆಗಳಿಂದಲೂ ಅದು ಬರುತ್ತದೆ. ಸೆಲ್ಯುಲೋಸಿನಿಂದ ಪ್ಲಾಸ್ಟಿಕ್ ಬಾಟಲಿಗೆ ಬೇಕಾದ ಮೂಲವಸ್ತುಗಳನ್ನು, ಲಿಗ್ನಿನ್ನಿನಿಂದ ಐಸ್‌ಕ್ರೀಮಿಗೆ ಹಾಕುವ ವೆನಿಲಿನ್ನನ್ನೂ ತೆಗೆಯಬಹುದು.

ಆಮ್ಲದ ಬದಲು ಎನ್‌ಜೈಮುಗಳನ್ನೂ ಬಳಸಬಹುದು. ಎನ್‌ಜೈಮೆಂದರೆ ಜೀವಿಗಳೇ ಹೆಣೆದ ವೇಗವರ್ಧಕ. ಹರಿಯಾಣದ ಪಾಣಿಪತ್ತಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಇಂಥ ಕಾರ್ಖಾನೆಯನ್ನು ೨೦೨೨ರ ಆಗಸ್ಟ್ ೧೦ರಂದು ಉದ್ಘಾಟಿಸಲಾಯಿತು. ವರ್ಷಕ್ಕೆ ೨ ಲಕ್ಷ ಟನ್ ಭತ್ತದ ಹುಲ್ಲಿನಿಂದ ೩ ಕೋಟಿ ಲೀಟರ್ ಎಥನಾಲ್ ತೆಗೆಯಬೇಕೆಂಬುದು ಅದರ ಯೋಜನೆ. ವೆಚ್ಚ ೯೦೦ ಕೋಟಿ ರೂಪಾಯಿಗೂ ಮೇಲೆ.

ಪೆಟ್ರೋಲಿಗೆ ಮದ್ಯಸಾರ ಬೆರೆಸುವ ಕಾನೂನು ನಮ್ಮ ದೇಶದಲ್ಲಿ ೧೯೪೮ರಲ್ಲಿಯೇ ಬಂದಿತ್ತು. ೨೦೨೫ರಲ್ಲಿ ಬೆರಕೆ ಶೇಕಡ ೨೦ಕ್ಕೆ ಮುಟ್ಟಿತು. ಆದರೆ ಅದರ ಬಹುಪಾಲು ಕಬ್ಬು, ಮೆಕ್ಕೆಜೋಳ, ಅಕ್ಕಿಗಳಿಂದ ಬಂದದ್ದು. ಹಸಿದವರಿರುವ ದೇಶದಲ್ಲಿ ಕಾಳನ್ನು ಮೋಟಾರಿಗೆ ತಿನ್ನಿಸುವುದು ಸರಿಯೇ ಎಂಬ ಪ್ರಶ್ನೆಯನ್ನು ನಾವು ಬಿಡುವುದಿಲ್ಲ. ಕಾಳು ಮನುಷ್ಯನಿಗೆ, ಕಣಿಕೆ ದನಕ್ಕೆ, ಕಟ್ಟಿಗೆ ಯಂತ್ರಕ್ಕೆ: ಈ ವರಸೆಯೇ ನ್ಯಾಯವಾದುದು. ಆದುದರಿಂದ ನಾವು ಈ ವಿಜ್ಞಾನವನ್ನು ವಿರೋಧಿಸುವವರಲ್ಲ, ಸ್ವಾಗತಿಸುವವರು.

ಲೆಕ್ಕವನ್ನು ನೋಡೋಣ

ಈಗ ಪಾಣಿಪತ್ತಿನ ಅಂಕಿಗಳನ್ನೇ ಹಿಡಿದು ಕಣದ ಲೆಕ್ಕ ಮಾಡೋಣ. ಒಂದು ಟನ್ನಿಗೆ ೧೫೦ ಲೀಟರು. ಒಂದು ಕ್ವಿಂಟಲಿಗೆ ೧೫ ಲೀಟರು. ಅಂದರೆ ಒಂದು ಲೀಟರಿಗೆ ಆರೂವರೆ ಕಿಲೋಗಿಂತ ಹೆಚ್ಚು ಹುಲ್ಲು ಬೇಕು. ಹುಲ್ಲಿನ ದರ ಕಿಲೋಗೆ ಒಂದು ರೂಪಾಯಿ ಏರಿದರೆ ಲೀಟರಿನ ಖರ್ಚು ಆರೂವರೆ ರೂಪಾಯಿಗೂ ಹೆಚ್ಚು ಏರುತ್ತದೆ. ಕಾರ್ಖಾನೆಯವನು ಯಂತ್ರದ ಸಾಲದ ಬಡ್ಡಿಯನ್ನು ಇಳಿಸಲಾರ, ಎನ್‌ಜೈಮು ಮಾರುವ ಕಂಪನಿಯ ದರವನ್ನು ಸುಲಭವಾಗಿ ಇಳಿಸಲಾರ. ಅವನಿಗೆ ಒತ್ತಲು ಸಿಗುವುದು ಒಂದೇ ಕುತ್ತಿಗೆ: ಸಂಘಟನೆಯಿಲ್ಲದೆ ಒಬ್ಬೊಬ್ಬನೇ ಬಂಡಿ ಹೂಡಿಕೊಂಡು ಬರುವ ರೈತನ ಕುತ್ತಿಗೆ, ಅವನ ಹಿಂದೆ ಕಟ್ಟಿಗೆ ಕೂಡಿಹಾಕುವ ಕೂಲಿಯ ಹೆಣ್ಣುಮಗಳ ಕುತ್ತಿಗೆ. ರಸಾಯನಶಾಸ್ತ್ರದ ದಲ್ಲಾಳಿ ಪಾಲು ಕೇಳುವುದಿಲ್ಲವೆಂದು ಹೇಳಿದೆವಷ್ಟೆ. ಆ ದಲ್ಲಾಳಿಯ ಯಜಮಾನ ಕೇಳುತ್ತಾನೆ.

ಹುಸಿ ಆಸೆಯ ಮಾತನ್ನೂ ಮರೆಯಬಾರದು. ೨೦೦೩ರಲ್ಲಿ ದೆಹಲಿಯ ಯೋಜನಾ ಆಯೋಗ ಜಟ್ರೋಫ ಗಿಡದ ಎಣ್ಣೆಯಿಂದ ಡೀಸೆಲ್ ಮಾಡುವ ದೊಡ್ಡ ಯೋಜನೆ ಹಾಕಿತು. ೨೦೧೧-೧೨ರ ಹೊತ್ತಿಗೆ ಡೀಸೆಲಿನಲ್ಲಿ ಶೇಕಡ ೨೦ ಬೆರಕೆಯೆಂದರು. ಎಣ್ಣೆಗೆ ಮದ್ಯಸಾರ ಸೇರಿಸಿ, ಕಾಸ್ಟಿಕ್ ಸೋಡವನ್ನು ವೇಗವರ್ಧಕವಾಗಿಟ್ಟರೆ ಡೀಸೆಲ್ ತಯಾರಾಗುತ್ತದೆ. ಆ ರಸಾಯನದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಬರಡು ಭೂಮಿಯಲ್ಲಿ ಕಾಯಿ ಬರಲಿಲ್ಲ, ಗುರಿಯ ಹತ್ತಿರಕ್ಕೂ ದೇಶ ಹೋಗಲಿಲ್ಲ, ಗಿಡ ನೆಟ್ಟವರಿಗೆ ದುಡ್ಡು ಕಾಣಲಿಲ್ಲ. ಪ್ರಯೋಗಶಾಲೆಯಲ್ಲಿ ಗೆದ್ದದ್ದೆಲ್ಲ ಹೊಲದಲ್ಲಿ ಗೆಲ್ಲುವುದಿಲ್ಲ.

ಪದಾರ್ಥದ ಗುಣವನ್ನೂ ನೋಡಬೇಕು. ನಮ್ಮ ನೆರೆಯ ಕಮಲಾಪುರದ ಕೆಂಪು ಬಾಳೆಯ ಹೆಸರು ಎಲ್ಲರಿಗೂ ಗೊತ್ತು. ಗೊನೆ ಕಡಿದ ಮೇಲೆ ಉಳಿಯುವ ಬಾಳೆಯ ದಿಂಡಿನ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಅದನ್ನು ಒಣಗಿಸಿ ಸುಡಹೊರಟರೆ ಬರುವ ಶಾಖಕ್ಕಿಂತ ಒಣಗಿಸುವ ಖರ್ಚೇ ಹೆಚ್ಚು. ಅದು ಗೋಬರ್ ಗ್ಯಾಸಿನ ಗುಂಡಿಗೆ, ಗೊಬ್ಬರಕ್ಕೆ, ನಾರಿಗೆ ತಕ್ಕದ್ದು. ಚಳಿಗಾಲದ ಬಿಸಿಲಲ್ಲಿ ತಾನೇ ಒಣಗುವ ತೊಗರಿ ಕಟ್ಟಿಗೆ ಭಟ್ಟಿಗೆ ತಕ್ಕದ್ದು. ಎಲ್ಲ ಬೆಳೆಗೂ ಒಂದೇ ಯಂತ್ರ ಮಾರಲು ಬರುವವನನ್ನು ನಂಬಬೇಡಿರಿ.

ಹೊಲಕ್ಕೂ ಒಂದು ಪಾಲು ಇದೆ. ತೊಗರಿ ತನ್ನ ಎಲೆಯನ್ನು ಹೊಲದಲ್ಲಿಯೇ ಉದುರಿಸುತ್ತದೆ, ಬೇರಿನ ಗಂಟುಗಳಲ್ಲಿ ಸಾರಜನಕ ಕೂಡಿಡುತ್ತದೆ. ಅದರಿಂದ ಮೇಲಿನ ಕಟ್ಟಿಗೆಯನ್ನು ಒಯ್ದರೆ ಎರಿ ಭೂಮಿ ಒಮ್ಮೆಗೇ ಬಡವಾಗದು. ಆದರೂ ಕಟ್ಟಿಗೆಯೊಂದಿಗೆ ಹೋದ ಪೊಟ್ಯಾಷ್ ಬೂದಿಯಾಗಿ ಹೊಲಕ್ಕೆ ಮರಳಲೇಬೇಕು. ಕಾರ್ಖಾನೆಯ ಹೊರಗೆ ಬೂದಿಯ ಗುಡ್ಡ, ಹೊಲಕ್ಕೆ ಗೊಬ್ಬರದ ಸಾಲ: ಈ ವ್ಯವಸ್ಥೆ ನಮಗೆ ಬೇಡ.

ನಮ್ಮ ಬೇಡಿಕೆಗಳು

ನ್ಯಾಯವಾದ ಏರ್ಪಾಟು ಸಾಧ್ಯವೇ ಎಂದು ನೀವು ಕೇಳಬಹುದು. ತುಮಕೂರು ಜಿಲ್ಲೆಯ ಪುರ ಎಂಬ ಹಳ್ಳಿಯಲ್ಲಿ ೧೯೮೭ರಿಂದ ‘ಅಸ್ತ್ರ’ದವರ ನೆರವಿನಿಂದ ಊರಿಗೆಲ್ಲ ಒಂದೇ ಸಗಣಿ ಗ್ಯಾಸಿನ ಸ್ಥಾವರ ನಡೆಯಿತು. ಸಗಣಿ ತಂದವರ ಬುಟ್ಟಿಯನ್ನು ತೂಗಿ, ತಂದುದಕ್ಕೆ ಹಣ ಕೊಡುತ್ತಿದ್ದರು. ಗ್ಯಾಸು ತೆಗೆದ ಮೇಲೆ ಉಳಿದ ಗೊಬ್ಬರವನ್ನು ಅವರಿಗೇ ಹಿಂದಿರುಗಿಸುತ್ತಿದ್ದರು. ಆ ಗ್ಯಾಸಿನಿಂದ ಊರಿಗೆ ದೀಪ, ನೀರು ಬಂದವು. ತೂಕ ಎಲ್ಲರ ಕಣ್ಣೆದುರು, ಹಣ ತಂದವರ ಕೈಗೆ, ಗೊಬ್ಬರ ಹೊಲಕ್ಕೆ. ಇದಕ್ಕಿಂತ ದೊಡ್ಡ ಸಮಾಜವಾದದ ಪಾಠ ಯಾವ ಪುಸ್ತಕದಲ್ಲಿದೆ?

ಈ ಅನುಭವದ ಮೇಲೆ ನಾವು ಐದು ಬೇಡಿಕೆಗಳನ್ನು ನಿಮ್ಮ ಮುಂದೆ ಇಡುತ್ತೇವೆ.

೧. ಸರ್ಕಾರದ ಕಾಗದಗಳಲ್ಲಿ ಬೆಳೆಯ ಕಟ್ಟಿಗೆಯನ್ನು ತ್ಯಾಜ್ಯವೆಂದು ಬರೆಯಬಾರದು. ಅದೂ ಬೆಳೆಯ ಭಾಗವೆಂದು ಎಣಿಸಿ, ತೂಕ ಮತ್ತು ಒಣಗಿದ ಮಟ್ಟವನ್ನು ನೋಡಿ ಕನಿಷ್ಠ ದರವನ್ನು ಗೊತ್ತುಮಾಡಬೇಕು.

೨. ಕೂಡಿಸುವ, ಕತ್ತರಿಸುವ, ಒತ್ತುವ ಮೊದಲ ಹಂತದ ಯಂತ್ರಗಳು ಹಳ್ಳಿಯ ಸಹಕಾರ ಸಂಘದ ಒಡೆತನದಲ್ಲಿರಬೇಕು. ಹಗುರಾದ, ಜಾಗ ತಿನ್ನುವ ಕಟ್ಟಿಗೆಯನ್ನು ದೂರಕ್ಕೆ ಸಾಗಿಸುವ ಬಾಡಿಗೆಯೇ ರೈತನ ಲಾಭವನ್ನು ನುಂಗಿಬಿಡುತ್ತದೆ.

೩. ಮೊದಲು ಒಲೆ, ಆಮೇಲೆ ಕಾರ್ಖಾನೆ. ಹೊಲವಿಲ್ಲದ ಮನೆಗಳು ಇಂದು ಕಟ್ಟಿಗೆಯನ್ನು ಆಯ್ದು ತರುತ್ತವೆ. ಕಟ್ಟಿಗೆಗೆ ಬೆಲೆ ಬಂದ ದಿನ ಆ ಆಯುವ ಹಕ್ಕು ಸದ್ದಿಲ್ಲದೆ ಹೋಗುತ್ತದೆ. ಆ ಮನೆಗಳಿಗೆ ಉರುವಲಿನ ಪಾಲು ಅಥವಾ ಅದಕ್ಕೆ ಸಮನಾದ ಅಡಿಗೆ ಅನಿಲ ದೊರೆಯಬೇಕು.

೪. ಯಂತ್ರದ ಬಳಿ ದುಡಿಯುವವರಿಗೆ ಕಾಯಂ ಕೆಲಸ, ವಿಷಗಾಳಿ ಅಳೆಯುವ ಸಾಧನ, ಅಪಘಾತಕ್ಕೆ ಪರಿಹಾರ ಇರಬೇಕು. ಬೂದಿ ಹಳ್ಳಿಗೆ ಮರಳಬೇಕು.

೫. ಕಲಬುರಗಿಯಲ್ಲಿ ವಿಶ್ವವಿದ್ಯಾಲಯವಿದೆ, ಆಳಂದ ತಾಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ತೊಗರಿ ಕಟ್ಟಿಗೆಯ ಗುಣವನ್ನು, ಅದಕ್ಕೆ ತಕ್ಕ ವೇಗವರ್ಧಕವನ್ನು ಪರೀಕ್ಷಿಸುವ ಕೆಲಸ ಸಾರ್ವಜನಿಕ ಹಣದಿಂದ ಇಲ್ಲಿಯೇ ನಡೆಯಬೇಕು. ಅದರ ಫಲ ಸಾರ್ವಜನಿಕರದಾಗಿಯೇ ಉಳಿಯಬೇಕು. ನಮ್ಮ ಮಕ್ಕಳು ಲಾರಿಗೆ ಕಟ್ಟಿಗೆ ಹೇರುವುದಕ್ಕಷ್ಟೇ ಅಲ್ಲ, ಆ ಪ್ರಯೋಗಶಾಲೆಗೂ ಹೋಗಬೇಕು. ಇಲ್ಲವಾದರೆ ಭದ್ರಾವತಿಯ ಕಥೆಯೇ ಮತ್ತೆ ನಡೆಯುತ್ತದೆ: ಮರ ನಮ್ಮದು, ಕೀಲಿಕೈ ಪರರದು.

ಸಂಗಾತಿಗಳೆ, ನಾವು ನಿಮಗೆ ಬಂಗಾರದ ಕನಸು ತೋರಿಸಲು ಬಂದವರಲ್ಲ. ಕಟ್ಟಿಗೆಯಿಂದ ಎಣ್ಣೆ ಹರಿದು ನಾಳೆಯೇ ಸಾಲ ತೀರುವುದಿಲ್ಲ. ಒಣ ಕಟ್ಟಿಗೆಯಲ್ಲಿರುವ ಶಾಖ ಅದೇ ತೂಕದ ಡೀಸೆಲಿನ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಆದರೆ ಆ ಪಾಲು ನಿಮ್ಮ ಬೆವರಿನಿಂದ ಬೆಳೆದದ್ದು. ವೇಗವರ್ಧಕ ಕಟ್ಟಿಗೆಯ ಬೀಗವನ್ನು ತೆಗೆಯಬಲ್ಲದು. ಕಾರ್ಖಾನೆಯ ಬಾಗಿಲಿನ ಬೀಗವನ್ನು ತೆಗೆಯಲು ಬೇಕಾದದ್ದು ದುಡಿಯುವವರ ಸಂಘಟನೆ. ಈ ಸಲದ ರಾಶಿ ಮುಗಿಯುವುದರೊಳಗೆ ಶರಣಸಿರಸಗಿಯ ಪ್ರತಿ ಓಣಿಯಲ್ಲಿಯೂ ಕುಳಿತು ಒಂದು ಲೆಕ್ಕ ಬರೆಯಿರಿ: ಎಷ್ಟು ಬಂಡಿ ಕಟ್ಟಿಗೆ ಬಂತು, ಎಷ್ಟು ಒಲೆಗೆ ಹೋಯಿತು, ಎಷ್ಟು ಉಳಿಯಿತು, ಎಷ್ಟು ಸುಟ್ಟಿತು. ಆ ಲೆಕ್ಕ ನಮ್ಮ ಕೈಯಲ್ಲಿರಲಿ. ಕೊಳ್ಳಲು ಬರುವವನು ದರ ಹೇಳುವ ಮೊದಲು ನಾವೇ ನಮ್ಮ ದರವನ್ನು ಹೇಳೋಣ.